ರಾಜ್ಯೋತ್ಸವದ ತಯಾರಿಗೆ ಬೇರೆ ಗ್ರೂಪ್ ಇರಲಿ

ನವೆಂಬರ್ 1 ಹತ್ತಿರ ಬಂತು ಅಂದರೆ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಗದ್ದಲ ಶುರು. ಶಾಮಿಯಾನದ ಬಾಡಿಗೆ ಕೇಳಿದ ಮೆಸೇಜು ಗುಡ್ ಮಾರ್ನಿಂಗ್ ಹೂವುಗಳ ಮಧ್ಯೆ ಕಳೆದುಹೋಗಿರುತ್ತದೆ. ಅದಕ್ಕೇ ಕೆಲಸ ಮಾಡುವವರದ್ದೇ ಒಂದು ಚಿಕ್ಕ ವಾಟ್ಸಾಪ್ ಗ್ರೂಪ್ ಮಾಡಿ. ದೊಡ್ಡ ಗ್ರೂಪಿಗೆ ತೀರ್ಮಾನ ಮಾತ್ರ ಹೋಗಲಿ.

"ಯಾರಾದರೂ ಮೈಕ್‌ನವರಿಗೆ ಫೋನ್ ಮಾಡಿ" ಅಂತ ಬರೆದರೆ ಯಾರೂ ಮಾಡುವುದಿಲ್ಲ. ಒಬ್ಬರನ್ನೇ ಹಿಡಿದು, ದಿನ ಹೇಳಿ ಕೇಳಿ: "ರಾಯರೇ, ಗುರುವಾರ ಸಂಜೆಯೊಳಗೆ ಮೈಕ್‌ನವರ ರೇಟ್ ತಿಳಿಸ್ತೀರಾ?" ಹೆಬ್ಬೆರಳಿನ ಇಮೋಜಿ ಬಂದರೆ ಓದಿದ್ದಾರೆ ಅಂತ ಅಷ್ಟೇ, ಒಪ್ಪಿದ್ದಾರೆ ಅಂತಲ್ಲ. "ಆಯ್ತು, ನಾನು ನೋಡ್ಕೋತೀನಿ" ಅನ್ನುವವರೆಗೆ ಸುಮ್ನೆ ಬಿಡಬೇಡಿ.

ಊಟದ ಲೆಕ್ಕಕ್ಕೆ ಪೋಲ್ ಹಾಕಿ. ಹಿರಿಯರು ಜಾಸ್ತಿ ಅದನ್ನು ಒತ್ತುವುದಿಲ್ಲ, ಅವರಿಗೆ ಒಂದು ಫೋನ್ ಮಾಡಿಬಿಡಿ. ದುಡ್ಡಿನ ಮಾತು ಮಾತ್ರ ಎದುರೆದುರು ಕೂತೇ ಆಗಲಿ. ಟೈಪ್ ಮಾಡಿದರೆ ಸಾದಾ ಪ್ರಶ್ನೆಯೂ ಜಗಳದ ಹಾಗೆ ಕೇಳಿಸುತ್ತದೆ, ಅಲ್ವಾ? ಆಮೇಲೆ ತೀರ್ಮಾನ ಬರೆದು ಪಿನ್ ಮಾಡಿ. ಅಲ್ಲಿ 30 ದಿನ ಅಂತ ಆರಿಸಿ, ಇಲ್ಲದಿದ್ದರೆ 7 ದಿನಕ್ಕೇ ಹೋಗುತ್ತದೆ.

ಬಯಲಲ್ಲಿ ಕಾರ್ಯಕ್ರಮ ಇದ್ದರೆ ರಾತ್ರಿ 10ಕ್ಕೆ ಮೈಕ್ ಬಂದ್, ಅದು ಕಾನೂನು. ಡಾನ್ಸ್ ಮಾಡುವ ಮಕ್ಕಳ ಅಮ್ಮಂದಿರಿಗೆ ಮೊದಲೇ ಹೇಳಿಟ್ಟಿರಿ.