ನಲವತ್ತು ಸೆಕೆಂಡಿನ ದಲ್ಲಾಳಿ

"ದಾವಣಗೆರೆಯಲ್ಲಿ ಕುಂತ್ರೆ ಸೀರಿಯಲ್ ಪಾತ್ರ ಮನೆ ಬಾಗ್ಲಿಗೆ ಬರ್ತಾವಾ?" ಅಂದವರೇ ಈಗ "ಆ ಕ್ಲಿಪ್ ಹೆಂಗ್ ಮಾಡಿದ್ರಿ, ಒಂದು ಕಳಿಸ್ರಿ" ಅನ್ನುತ್ತಿದ್ದಾರೆ. ನಾನು ದಾವಣಗೆರೆಯ ನಾಟಕದ ನಟ. ಕ್ಲಿಪ್ ಅಂದರೆ ಕಾಸ್ಟಿಂಗ್‌ನವರಿಗೆ, ಅಂದರೆ ಪಾತ್ರಕ್ಕೆ ನಟರನ್ನು ಆರಿಸುವವರಿಗೆ, ನಾನು ಕಳಿಸುವ ನಟನೆಯ ಸಣ್ಣ ವಿಡಿಯೋ. ಒಬ್ಬೊಬ್ಬರಿಗೇ ಫೋನಿನಲ್ಲಿ ಹೇಳಿ ಸಾಕಾಯ್ತು, ಅದಕ್ಕೇ ಬರೆಯುತ್ತಿದ್ದೇನೆ. ಸುಮಾರು 14 ತಿಂಗಳಲ್ಲಿ 11 ಪಾತ್ರ: 9 ಧಾರಾವಾಹಿಯವು, 2 ಸಿನಿಮಾದವು. ಎಲ್ಲ ಒಂದು ದಿನ, ಎರಡು ದಿನದ ಕೆಲಸಗಳೇ. ಆದರೆ ಒಂದಕ್ಕೂ ಮೊದಲೇ ಬೆಂಗಳೂರಿಗೆ ಹೋಗಿ ಆಫೀಸಿನ ಮುಂದೆ ನಿಂತಿಲ್ಲ.

ಮೊದಲು ಕಳಕೊಂಡ ಲೆಕ್ಕ. ಪೋರ್ಟ್‌ಫೋಲಿಯೊ ಫೋಟೋಗೆ 18,000 ರೂಪಾಯಿ ಸುರಿದೆ. ಐದು ವೇಷ, ಹೊಗೆ, ನೀಲಿ ಲೈಟು. ಮುಖದ ಗೆರೆಯನ್ನೆಲ್ಲ ಒರೆಸಿ ಹಾಕಿದ್ದರು. 45ರ ಪಾತ್ರಕ್ಕೆ ಜನ ಹುಡುಕುವವನಿಗೆ ಬೇಕಾಗಿದ್ದದ್ದೇ ಆ ಗೆರೆಗಳು. ಆಮೇಲೆ 4 ನಿಮಿಷದ ಶೋರೀಲ್ (ಮಾಡಿದ ಪಾತ್ರಗಳ ತುಣುಕು ಜೋಡಿಸಿದ ವಿಡಿಯೋ), ಎಡಿಟಿಂಗಿಗೆ 6,000. ಶುರುವಿಗೆ ನನ್ನ ಹೆಸರು ತಿರುಗುತ್ತಾ ಬರುವುದೇ 12 ಸೆಕೆಂಡು. ಒಳಗಿದ್ದದ್ದು ನಾಟಕದ ಕೊನೇ ಸಾಲಿನಿಂದ ತೆಗೆದ ವಿಡಿಯೋ. ಕಿರೀಟ ಕಾಣುತ್ತದೆ, ಕಣ್ಣು ಕಾಣಲ್ಲ. ಅದನ್ನು ಗೂಗಲ್ ಡ್ರೈವಿಗೆ ಹಾಕಿ ಲಿಂಕ್ ಕಳಿಸಿದೆ, ಆದರೆ ಲಿಂಕ್ ಇದ್ದವರೆಲ್ಲ ನೋಡಬಹುದು ಎಂಬ ಅನುಮತಿ ಕೊಟ್ಟಿರಲಿಲ್ಲ. ಎರಡು ತಿಂಗಳು ಯಾರೂ ತೆರೆಯಲಿಲ್ಲ. ತೆರೆಯಲು ಆಗುತ್ತಲೇ ಇರಲಿಲ್ಲ! ಈಗ ಕಳಿಸುವ ಮೊದಲು ಮನೆಯವರ ಫೋನಿನಲ್ಲಿ ಒತ್ತಿ ನೋಡುತ್ತೇನೆ.

ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲೂ ಹಾಗೇ ಮೋಸಹೋದೆ. ಅದರಲ್ಲಿ 256 ಜನರನ್ನು ಸೇರಿಸಬಹುದು. ಆದರೆ ನಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜ್ ತಲುಪುತ್ತದೆ. ಬೆಂಗಳೂರಿನ ಕಾಸ್ಟಿಂಗ್‌ನವರು ನನ್ನ ನಂಬರ್ ಯಾಕೆ ಸೇವ್ ಮಾಡಿಕೊಂಡಿರುತ್ತಾರೆ? ತಲುಪಿದ್ದು ನಮ್ಮೂರ ನಾಟಕದವರಿಗೇ.

ಕೆಲಸ ಮಾಡಿದ ಉಪಾಯ ನಮ್ಮೂರಿಗೆ ಹಳೆಯದು. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯನ್ನು ಕಂಡ ಊರು ಇದು. ಕಂಪನಿ ಬೋರ್ಡಿನಲ್ಲಿ ನಟನ ಹೆಸರಿನ ಜೊತೆ ಅವನು ಹೆಸರು ಮಾಡಿದ ಪಾತ್ರವನ್ನೂ ಬರೆಯುತ್ತಿದ್ದರು. ನಾವು ಮಾತ್ರ "ಎಲ್ಲಾ ಥರದ ಪಾತ್ರ ಮಾಡ್ತೀನಿ ಸಾರ್" ಅಂತ ಕಳಿಸುತ್ತೇವೆ. ಎಲ್ಲಾ ಥರದವನು ಯಾರ ನೆನಪಿನಲ್ಲೂ ಉಳಿಯಲ್ಲ. ನಾನು ಮೂರನ್ನೇ ಇಟ್ಟುಕೊಂಡೆ: ಎಪಿಎಂಸಿ ದಲ್ಲಾಳಿ, ಹೆಡ್ ಕಾನ್‌ಸ್ಟೇಬಲ್, ಹುಡುಗಿಯ ತಂದೆ. ದುರ್ಯೋಧನ ನನಗೆ ಇವೆಲ್ಲಕ್ಕಿಂತ ಇಷ್ಟ. ಕ್ಲಿಪ್ಪಿನಲ್ಲಿ ಅವನಿಗೆ ಜಾಗ ಕೊಡಲಿಲ್ಲ.

ಭಾಷೆ ಇನ್ನೊಂದು ಬಂಡವಾಳ. ಬಯಲುಸೀಮೆ ಪಾತ್ರ ಅಂದ ಕೂಡಲೇ ನಮ್ಮವರು ಹುಬ್ಬಳ್ಳಿ ಮಾತನ್ನು ಎರವಲು ತರುತ್ತಾರೆ. ಅದನ್ನು ಹುಟ್ಟಿನಿಂದ ಆಡುವವರು ಅಲ್ಲೇ ಬೇಕಾದಷ್ಟು ಇದ್ದಾರೆ. ಹರಿಹರದ ಕಡೆಯ "ಐತಿ", ಚಳ್ಳಕೆರೆ ಕಡೆಯ "ಐತೆ", ಎರಡನ್ನೂ ಬೇರೆಬೇರೆಯಾಗಿ ಆಡಿ ತೋರಿಸುವವರು ಕಡಿಮೆ. ನನ್ನ ದಲ್ಲಾಳಿಯ ಮೊದಲ ಸಾಲು: "ತೇವ ಹದಿನೆಂಟೈತಿ ಗೌಡ್ರೆ, ಹದಿನಾಲ್ಕರ ರೇಟು ಹೆಂಗ್ ಕೊಡ್ಲಿ?" ಮೆಕ್ಕೆಜೋಳದ ತೇವಾಂಶ ಗೊತ್ತಿಲ್ಲದವರಿಗೂ ಇವನು ಯಾರು ಅಂತ ಮೂರು ಸೆಕೆಂಡಿನಲ್ಲಿ ತಿಳಿಯುತ್ತದೆ.

ಕ್ಲಿಪ್ 40 ಸೆಕೆಂಡು ದಾಟಬಾರದು. ಮೊದಲ ಫ್ರೇಮಿನಲ್ಲೇ ಮುಖ, ಮೊದಲ ಸೆಕೆಂಡಿನಲ್ಲೇ ಮಾತು. ಸಂಗೀತ ಬೇಡ. ಹೆಸರು, ಊರು, ಎತ್ತರ, ಆಡಬಲ್ಲ ವಯಸ್ಸು, ಫೋನ್ ನಂಬರ್ ಕೊನೇ 5 ಸೆಕೆಂಡಿಗೆ. ಕ್ಲಿಪ್ ಯಾರ್ಯಾರ ಕೈಗೋ ಫಾರ್ವರ್ಡ್ ಆಗುತ್ತದೆ, ಮೆಸೇಜಿನಲ್ಲಿ ಬರೆದ ನಂಬರ್ ಅದರ ಹಿಂದೆ ಹೋಗಲ್ಲ. ಹಾಗಾಗಿ ನಂಬರ್ ವಿಡಿಯೋದ ಒಳಗೇ ಇರಬೇಕು.

ಸಾಮಾನು: ಟ್ರೈಪಾಡ್ 900ರ ಆಸುಪಾಸು, ವೈರ್‌ಲೆಸ್ ಕಾಲರ್ ಮೈಕು 1,800, ಹಿಂದೆ ಕಟ್ಟಲು ಬೂದು ಬಣ್ಣದ ಬಟ್ಟೆ 350, ದೊಡ್ಡ ಥರ್ಮೊಕೋಲ್ ಶೀಟು ನೂರರೊಳಗೆ. ಫೋನು ಇದ್ದದ್ದೇ. ಬೆಳಿಗ್ಗೆ ಎಂಟರಿಂದ ಒಂಬತ್ತೂವರೆ, ಬಿಸಿಲು ನೇರ ಬೀಳದ ಕಿಟಕಿ. ಕಿಟಕಿ ಒಂದು ಪಕ್ಕಕ್ಕೆ, ಇನ್ನೊಂದು ಪಕ್ಕಕ್ಕೆ ಮುಖದಿಂದ ಎರಡು ಅಡಿ ದೂರದಲ್ಲಿ, ಬೆಳಕನ್ನು ಮುಖಕ್ಕೆ ತಿರುಗಿಸಲು, ಥರ್ಮೊಕೋಲ್. ಬಟ್ಟೆಯಿಂದ ನಾಲ್ಕಡಿ ಮುಂದೆ ನಿಲ್ಲಬೇಕು, ಇಲ್ಲದಿದ್ದರೆ ನೆರಳು ಅದರ ಮೇಲೆ ಬೀಳುತ್ತದೆ. ಹಿಂಬದಿ ಕ್ಯಾಮೆರಾ, ಕಣ್ಣಿನ ಮಟ್ಟಕ್ಕೆ, ಫೋನ್ ಅಡ್ಡ. ಹತ್ತಿರ ಇಟ್ಟು ತೆಗೆದರೆ ಮೂಗು ದಪ್ಪ ಕಾಣುತ್ತದೆ. ಆರೇಳು ಅಡಿ ದೂರ ಇಟ್ಟು 2ಎಕ್ಸ್ ಝೂಮ್ ಮಾಡಿ.

ರಾತ್ರಿ ಎಲ್‌ಇಡಿ ಟ್ಯೂಬ್‌ಲೈಟಿನಲ್ಲಿ ತೆಗೆದ ನನ್ನ ಮೊದಲ ಆರೇಳು ಟೇಕು ಕಸಕ್ಕೆ ಹೋದವು, ವಿಡಿಯೋ ಮೇಲೆ ಪಟ್ಟೆ ಓಡುತ್ತಿತ್ತು. ನಮ್ಮ ಕರೆಂಟು 50 ಹರ್ಟ್ಸ್, ಫೋನು ತೆಗೆಯುವುದು ಸೆಕೆಂಡಿಗೆ 30 ಫ್ರೇಮ್ (ಚಿತ್ರ), ತಾಳ ಕೂಡಲ್ಲ. ಫೋನಿನಲ್ಲಿ 25 ಫ್ರೇಮ್ ಆಯ್ಕೆ ಇದ್ದರೆ ಅದನ್ನು ಹಾಕಿ, ಇಲ್ಲವೇ ಹಗಲು ಬೆಳಕಿಗೆ ಕಾಯಿರಿ.

ರಂಗದವರಿಗೆ ಕಷ್ಟವಾಗುವುದು ದನಿ. ಕೊನೇ ಸಾಲಿನ ಪ್ರೇಕ್ಷಕನಿಗೆ ಎಸೆದ ಮಾತನ್ನು ಎದೆ ಮೇಲಿನ ಮೈಕು ತಡಕೊಳ್ಳಲ್ಲ, ಒಡೆದು ಬರುತ್ತದೆ. ಫೋನು ತಾನೇ ದನಿಯನ್ನು ತಗ್ಗಿಸುತ್ತದೆ, ಅದರಿಂದ ಜೋರು ಮಾತಿನ ಹಿಂದೆ ಬರುವ ಮೆಲುಮಾತು ಕೇಳಿಸುವುದೇ ಇಲ್ಲ. ಪಕ್ಕದಲ್ಲಿ ಕುಂತವನ ಹತ್ತಿರ ಮಾತಾಡಿದಷ್ಟೇ ಸಾಕು. ಫ್ಯಾನು ಬಂದ್, ಫ್ರಿಜ್ಜೂ ಬಂದ್. ಆಮೇಲೆ ಹಚ್ಚಲು ಮರೆಯಬೇಡಿ, ಹಾಲು ಒಡೆದರೆ ಬೈಸಿಕೊಳ್ಳುವವರು ನೀವೇ. ಕೋಣೆ ಗುಂಯ್ ಅಂದರೆ ನಿಮ್ಮ ಎದುರಿಗೆ, ಕ್ಯಾಮೆರಾದ ಹಿಂದೆ, ಕಂಬಳಿ ನೇತುಹಾಕಿ. ಚಳ್ಳಕೆರೆ ಕಂಬಳಿ ಎರಡು ಸಾಕು. ಸ್ಟುಡಿಯೋ ಫೋಮಿಗೆ ದುಡ್ಡು ಹಾಕಬೇಡಿ, ನಾನು 2,200 ಹಾಕಿ ಕೆಟ್ಟೆ.

ಎದುರು ಪಾತ್ರದ ಮಾತು ಓದುವವರು ಕ್ಯಾಮೆರಾಕ್ಕೆ ತಾಗಿಕೊಂಡೇ ನಿಲ್ಲಬೇಕು. ದೂರ ನಿಂತರೆ ನಮ್ಮ ಕಣ್ಣು ಪಕ್ಕಕ್ಕೆ ಹೋಗಿ ಮುಖ ಅರ್ಧವೇ ಸಿಗುತ್ತದೆ. ಓದುವವರ ದನಿ ವಿಷಯದಲ್ಲಿ ನಾನೊಂದು ಸಣ್ಣ ಬದಲಾವಣೆ ಮಾಡುತ್ತೇನೆ. ನನ್ನ ಕ್ಲಿಪ್ ಬೇರೆಯವರದಕ್ಕಿಂತ ನಿಜ ಅನ್ನಿಸುವುದು ಅದರಿಂದಲೇ. ಅದನ್ನು ಇಲ್ಲಿ ಬರೆಯುವುದಿಲ್ಲ, ಇನ್ನೊಂದು ವರ್ಷ ಹೊಟ್ಟೆಪಾಡು ನಡೆಯಲಿ.

ಫೋಟೋ ನಾಲ್ಕೇ: ಎದುರುಮುಖ, ಎಡ, ಬಲ, ತಲೆಯಿಂದ ಕಾಲಿನವರೆಗೆ. ಒಂದೇ ಬಣ್ಣದ ಅಂಗಿ, ಬ್ಯೂಟಿ ಫಿಲ್ಟರ್ ಆಫ್. ನಾಲ್ಕನ್ನೂ ಒಂದೇ ಪುಟದ ಪಿಡಿಎಫ್ ಮಾಡಿ, 2 ಎಂಬಿ ಒಳಗಿರಲಿ. ಫೈಲಿನ ಹೆಸರಿನಲ್ಲೇ ನಿಮ್ಮ ಹೆಸರು, ವಯಸ್ಸು, ಎತ್ತರ, ಊರು, ನಂಬರ್ ಬರೆಯಿರಿ. "ನ್ಯೂ ಫೋಟೋ ಫೈನಲ್ 2" ಅಂತ ಕಳಿಸಿದ್ದನ್ನು ಅವರು ವಾರದ ಮೇಲೆ ಏನಂತ ಹುಡುಕುತ್ತಾರೆ?

1080 ರೆಸಲ್ಯೂಷನ್ನಿನಲ್ಲಿ ತೆಗೆದ 40 ಸೆಕೆಂಡು ಸುಮಾರು 80 ಎಂಬಿ ಆಗುತ್ತದೆ. ಅದನ್ನು ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಮಾಡಿ ಕಳಿಸಿದರೆ ಕುಗ್ಗುವುದಿಲ್ಲ, ಆದರೆ ಅಷ್ಟು ದೊಡ್ಡದನ್ನು ಡೌನ್‌ಲೋಡ್ ಮಾಡುವ ತಾಳ್ಮೆ ಯಾರಿಗಿದೆ? ನಾನು 720ಕ್ಕೆ ಇಳಿಸಿ, 12-15 ಎಂಬಿ ಮಾಡಿ, ವಿಡಿಯೋ ಆಗಿಯೇ ಎಚ್‌ಡಿಯಲ್ಲಿ ಕಳಿಸುತ್ತೇನೆ. ಮೂಲ ಫೈಲ್ ಡ್ರೈವಿನಲ್ಲಿರುತ್ತದೆ, ಕೇಳಿದರೆ ಲಿಂಕ್. ಒಬ್ಬರಿಗೆ ಒಂದು ಮೆಸೇಜು, ಎರಡು ಸಾಲು. ವಾರಕ್ಕೆ ಹತ್ತು ಜನ, ಅದಕ್ಕಿಂತ ಹೆಚ್ಚಿಲ್ಲ. ಎರಡನೇ ಸಲ ಯಾವಾಗ, ಏನು ಕಳಿಸುತ್ತೇನೆ ಅನ್ನುವುದನ್ನೂ ಇಲ್ಲಿ ಹೇಳಲ್ಲ. "ಸಾರ್ ನೋಡಿದ್ರಾ" ಅಂತಂತೂ ಅಲ್ಲ.

ನಡುವೆ ಒಂದು ಅಡ್ಡದಾರಿಯನ್ನೂ ಹಿಡಿದೆ. ಜಾತ್ರೆಯಲ್ಲಿ ನಾಟಕದ ಗೇಟಿಗೆ ನನ್ನ ಕ್ಲಿಪ್ಪಿನ ಕ್ಯೂಆರ್ ಕೋಡ್ ಅಂಟಿಸಿದೆ. ಎರಡು ಇಂಚಿನದು. ಜನ ಏಳೆಂಟು ಅಡಿ ದೂರದಲ್ಲಿ ನಿಲ್ಲುತ್ತಾರೆ, ಸ್ಕ್ಯಾನ್ ಆಗಲಿಲ್ಲ. ದೂರದ ಹತ್ತನೇ ಒಂದು ಭಾಗ ಅಗಲ ಬೇಕು, ಏಳಡಿಗೆ ಎಂಟೂವರೆ ಇಂಚು. ದೊಡ್ಡದು ಮಾಡಿ ಹೊಳೆಯುವ ಕಾಗದಕ್ಕೆ ಹಾಕಿಸಿದೆ, ಫೋಕಸ್ ಲೈಟು ಪ್ರತಿಫಲಿಸಿ ಮತ್ತೆ ಸ್ಕ್ಯಾನ್ ಆಗಲಿಲ್ಲ. ಮಂದ ಕಾಗದಕ್ಕೆ ಬದಲಿಸುವ ಹೊತ್ತಿಗೆ, ಕೋಡ್ ಮಾಡಿಕೊಟ್ಟ ವೆಬ್‌ಸೈಟಿನ ಉಚಿತ ಅವಧಿ ಮುಗಿದು "ಹಣ ಕಟ್ಟಿ" ಅಂತ ಪುಟ ತೆರೆಯುತ್ತಿತ್ತು! ಲಿಂಕನ್ನೇ ನೇರ ಒಳಗಿಡುವ ಸ್ಟ್ಯಾಟಿಕ್ ಕೋಡ್ ಮಾಡಿ, ಅದಕ್ಕೆ ಅವಧಿ ಇಲ್ಲ. ಇದರಿಂದ ಧಾರಾವಾಹಿ ಪಾತ್ರ ಒಂದೂ ಬರಲಿಲ್ಲ. ಆದರೆ ರಾಜ್ಯೋತ್ಸವದ ನಿರೂಪಣೆ ಎರಡು ಬಂದವು, ಪ್ರಿಂಟಿಂಗ್ ಖರ್ಚು ವಾಪಸ್ ಬಂತು.

ಇನ್‌ಸ್ಟಾಗ್ರಾಂನಲ್ಲಿ ಒಂದೇ ಮಾತು: ಹೆಸರಿನ ಜಾಗದಲ್ಲೇ "ನಟ, ದಾವಣಗೆರೆ" ಅಂತ ಸೇರಿಸಿ. ಯಾರಾದರೂ ಹುಡುಕಿದರೆ ಅದರಿಂದ ಸಿಗುತ್ತೀರಿ, ಬಯೋದಲ್ಲಿ ಬರೆದ ಕವಿತೆಯಿಂದ ಅಲ್ಲ.

ದುಡ್ಡಿನ ಮಾತು. ದಿನಕ್ಕೆ 2,500ರಿಂದ 4,000. ಕೈಗೆ ಬರಲು ಒಂದೂವರೆ ತಿಂಗಳು, ಕೆಲವೊಮ್ಮೆ ಮೂರು. ಇಲ್ಲಿಂದ ಬೆಂಗಳೂರು 260 ಕಿಲೋಮೀಟರ್ ಚಿಲ್ಲರೆ, ಹೋಗಿ ಬಂದು ಊಟ ಸೇರಿ ಸಾವಿರ ದಾಟುತ್ತದೆ. ಬಸ್ ಚಾರ್ಜು ಬೇರೆ ಕೊಡುತ್ತೀರಾ ಅಂತ ಒಪ್ಪಿಕೊಳ್ಳುವ ಮೊದಲೇ ಕೇಳಿ. ನಾಚಿಕೆಪಟ್ಟು ಮೊದಲ ಮೂರು ಪಾತ್ರಕ್ಕೆ ಕೇಳಲಿಲ್ಲ, ಉಳಿದದ್ದು ಬೆಣ್ಣೆದೋಸೆ ಕಾಸು. ರಿಜಿಸ್ಟ್ರೇಷನ್, ಆರ್ಟಿಸ್ಟ್ ಕಾರ್ಡ್, ಆಡಿಷನ್ ಫೀ ಅಂತ ಯಾರಾದರೂ ನಿಮ್ಮಿಂದಲೇ ದುಡ್ಡು ಕೇಳಿದರೆ ಫೋನ್ ಇಟ್ಟುಬಿಡಿ. ನನಗೆ ಕೆಲಸ ಕೊಟ್ಟ ಒಬ್ಬರೂ ಹಾಗೆ ಕೇಳಿಲ್ಲ.

ಮೀಸೆ ಬಗ್ಗೆ ಹೇಳುವುದು ಉಳಿದಿದೆ. ಹಳ್ಳಿ ನಾಟಕಕ್ಕೆ ಹುರಿಮೀಸೆ ಬೇಕು, ಹುಡುಗಿಯ ತಂದೆಗೆ ಬೇಡ. ಫೋಟೋದಲ್ಲಿ ಒಂದು, ಸೆಟ್ಟಿನಲ್ಲಿ ಇನ್ನೊಂದು ಆಗಿ ಒಂದು ಪಾತ್ರ ಬೆಳಿಗ್ಗೆ ಏಳಕ್ಕೇ ಕೈತಪ್ಪಿತು. ಈಗ ಎರಡು ಸೆಟ್ ಫೋಟೋ ಇಟ್ಟಿದ್ದೇನೆ. ಬೋಳಿಸಿದ ದಿನವೇ ತೆಗೆಯುತ್ತೇನೆ, ಪಿಡಿಎಫ್ ಮೂಲೆಯಲ್ಲಿ ತಿಂಗಳು ಹಾಕುತ್ತೇನೆ. ನಾಟಕದ ಸೀಸನ್ನಿನಲ್ಲಿ ಬೋಳಿಸಬೇಕಾದರೆ ಮಾತ್ರ ದಿನಕ್ಕೆ 500 ಹೆಚ್ಚು ಕೇಳುತ್ತೇನೆ. ಇಬ್ಬರು ಕೊಟ್ಟಿದ್ದಾರೆ.