ಮೊದಲ ಟ್ರಯಥ್ಲಾನ್‌ಗೆ ಹನ್ನೆರಡು ವಾರ: ಮೈಯೂ ಸೈಕಲ್ಲೂ ಸಜ್ಜಾಗುವ ಬಗೆ

ನೀರಿನಿಂದ ಎದ್ದು, ಒದ್ದೆ ಮೈಯಲ್ಲೇ ಸೈಕಲ್ ಹತ್ತಿ, ಇಳಿದ ಕೂಡಲೇ ಓಡುವುದು. ಟ್ರಯಥ್ಲಾನ್ ಎಂದರೆ ಇಷ್ಟೇ. ಹೊಸಬರಿಗೆ ಹೊಂದುವುದು ಸ್ಪ್ರಿಂಟ್ ದೂರ: 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. 2000ದ ಸಿಡ್ನಿ ಕೂಟದಿಂದ ಒಲಿಂಪಿಕ್ಸ್‌ನಲ್ಲಿ ನಡೆಯುತ್ತಿರುವುದು ಇದರ ಇಮ್ಮಡಿ ದೂರ. ಇಂದು ನಿಲ್ಲದೆ 100 ಮೀಟರ್ ಈಜಬಲ್ಲವರು, ಅರ್ಧ ಗಂಟೆ ಸೈಕಲ್ ತುಳಿಯಬಲ್ಲವರು, ನಡೆದೂ ಓಡಿಯೂ 20 ನಿಮಿಷ ಕಳೆಯಬಲ್ಲವರು ಹನ್ನೆರಡು ವಾರದಲ್ಲಿ ಸ್ಪ್ರಿಂಟ್‌ಗೆ ಸಿದ್ಧರಾಗಬಹುದು. ಹೃದಯದ ತೊಂದರೆ, ರಕ್ತದೊತ್ತಡ, ಮಧುಮೇಹ ಇದ್ದವರು ಮೊದಲು ವೈದ್ಯರನ್ನು ಕಾಣಬೇಕು.

ಮೊದಲ ಸ್ಪರ್ಧೆ ಕೆಡುವುದು ಹೆಚ್ಚಾಗಿ ಕಾಲಿನ ಬಲ ಸಾಲದೆ ಅಲ್ಲ. ಮೊದಲ ನೂರು ಮೀಟರಿನಲ್ಲೇ ಉಸಿರು ಕಟ್ಟುತ್ತದೆ, ಗಾಳಿ ಇಳಿದ ಟೈರು ಹೊಂಡಕ್ಕೆ ಬಿದ್ದು ಪಂಕ್ಚರ್ ಆಗುತ್ತದೆ, ಸೈಕಲ್ ಇಳಿದಾಗ ತೊಡೆ ಮರಗಟ್ಟುತ್ತದೆ. ಈ ಮೂರನ್ನೂ ಮೊದಲೇ ತಡೆಯಬಹುದು. ನಾಲ್ಕಾರು ಹೊಸಬರು ಒಟ್ಟಿಗೆ ಸೇರಿದರೆ ಇನ್ನೂ ಸುಲಭ. ಒಬ್ಬರ ಕಣ್ಣಿಗೆ ಬೀಳದ ಸಡಿಲ ಬೋಲ್ಟು ಇನ್ನೊಬ್ಬರ ಕಣ್ಣಿಗೆ ಬಿದ್ದೇ ಬೀಳುತ್ತದೆ.

ಜೊತೆಗಾರರ ನಡುವಿನ ಕಟ್ಟುಪಾಡು

ಗುಂಪು ಕಟ್ಟಿದ ದಿನವೇ ಮೂರು ಮಾತು ಗೊತ್ತುಮಾಡಿಕೊಳ್ಳಿ. ಒಂದು, ನಿಧಾನದ ದಿನಗಳಲ್ಲಿ ವೇಗವನ್ನು ನಿರ್ಧರಿಸುವುದು ಎಲ್ಲರಿಗಿಂತ ಹಿಂದಿರುವವರು. ಎರಡು, ಏರಿನಲ್ಲಿ ಪ್ರತಿಯೊಬ್ಬರೂ ತಮ್ಮ ಲಯದಲ್ಲಿ ಹತ್ತಿ, ಮೇಲೆ ಕಾದು ಸೇರಿಕೊಳ್ಳುವುದು. ಕಾದವರು ದಣಿವಾರಿಸಿಕೊಂಡಿರುತ್ತಾರೆ, ಕೊನೆಯವರು ಆಗಷ್ಟೇ ತಲುಪಿರುತ್ತಾರೆ. ಅವರಿಗೂ ಎರಡು ನಿಮಿಷ ಕೊಟ್ಟೇ ಹೊರಡಬೇಕು. ಮೂರು, ಪಂಪು ಮತ್ತು ಬಿಡಿ ಟ್ಯೂಬು ಗುಂಪಿನ ಕೊನೆಯಲ್ಲಿರುವವರ ಬಳಿ ಇರಬೇಕು. ಮುಂದೆ ಹೋದವರ ಚೀಲದಲ್ಲಿದ್ದರೆ ಹಿಂದೆ ಪಂಕ್ಚರ್ ಆದವರಿಗೆ ಅದರಿಂದ ಪ್ರಯೋಜನವಿಲ್ಲ.

ರಸ್ತೆಯಲ್ಲಿ ಮುಂದಿನ ಚಕ್ರಕ್ಕೂ ನಿಮ್ಮ ಚಕ್ರಕ್ಕೂ ನಡುವೆ ಕನಿಷ್ಠ ಒಂದೂವರೆ ಸೈಕಲ್ ಉದ್ದದ ಅಂತರ ಬಿಡಿ. ಮುಂದಿರುವವರು ಹೊಂಡ, ಮರಳು, ನಿಂತ ವಾಹನ ಕಂಡರೆ ಕೈ ತೋರಿ ಕೂಗಿ ಹೇಳಬೇಕು. ಮುಂದಿನವರ ಚಕ್ರದ ಪಕ್ಕಕ್ಕೆ ನಿಮ್ಮ ಮುಂಚಕ್ರ ಅರ್ಧ ನುಗ್ಗಿರಲೇಬಾರದು. ಅವರು ಸ್ವಲ್ಪ ವಾಲಿದರೂ ಎರಡು ಚಕ್ರ ತಾಗುತ್ತವೆ, ಬೀಳುವುದು ಹಿಂದಿರುವವರು.

ವಾರದ ಲೆಕ್ಕ

ವಾರಕ್ಕೆ ಎರಡು ಈಜು, ಎರಡು ಸೈಕಲ್, ಎರಡು ಓಟ, ಒಂದು ದಿನ ಪೂರ್ತಿ ವಿಶ್ರಾಂತಿ. ಮೊದಲ ವಾರ ಈಜು ಅರ್ಧರ್ಧ ಗಂಟೆ, ಸೈಕಲ್ ಒಂದು ದಿನ 40 ನಿಮಿಷ, ಇನ್ನೊಂದು ದಿನ ಒಂದು ಗಂಟೆ, ಓಟ 20 ನಿಮಿಷ. ಹತ್ತನೆಯ ವಾರದ ಹೊತ್ತಿಗೆ ಉದ್ದದ ಸೈಕಲ್ ಸವಾರಿ 90 ನಿಮಿಷಕ್ಕೆ, ಓಟ 40 ನಿಮಿಷಕ್ಕೆ ಬಂದರೆ ಸಾಕು. ನಾಲ್ಕನೆಯ ಮತ್ತು ಎಂಟನೆಯ ವಾರ ಎಲ್ಲವನ್ನೂ ಮೂರನೇ ಒಂದು ಪಾಲು ಕಡಿಮೆ ಮಾಡಿ. ಮೈ ಬಲವಾಗುವುದು ಈ ಬಿಡುವಿನಲ್ಲೇ.

ಹೊಸಬರು ಎಲ್ಲಕ್ಕಿಂತ ಹೆಚ್ಚು ಮಾಡುವ ತಪ್ಪು, ಪ್ರತಿದಿನವೂ ಏದುಸಿರು ಬರುವಷ್ಟು ವೇಗವಾಗಿ ಹೋಗುವುದು. ಆರರಲ್ಲಿ ಐದು ಅಭ್ಯಾಸಗಳು ಪಕ್ಕದವರೊಡನೆ ಪೂರ್ತಿ ವಾಕ್ಯ ಮಾತಾಡಬಲ್ಲ ವೇಗದಲ್ಲಿರಲಿ. ಎರಡು ಪದಕ್ಕೆ ಉಸಿರು ಸಿಕ್ಕಿಕೊಂಡರೆ ವೇಗ ತಗ್ಗಿಸಿ. ಒಂದು ದಿನ ತಪ್ಪಿದರೆ ಬಿಟ್ಟುಬಿಡಿ, ಮರುದಿನ ಎರಡರಷ್ಟು ಮಾಡಿ ತೀರಿಸಲು ಹೋಗಬೇಡಿ. ಮೊಣಕಾಲಿನ ಕೆಳಗೆ ಮುಂಗಾಲಿನ ಎಲುಬಿನ ಉದ್ದಕ್ಕೂ ನೋವು ಶುರುವಾದರೆ ಓಟ ನಿಲ್ಲಿಸಿ ಕೆಲದಿನ ಈಜು, ಸೈಕಲ್ಲಿನಲ್ಲೇ ಇರಿ. ಈ ಆಟದ ಒಂದು ಸೊಗಸು ಇದು: ಒಂದು ಬಾಗಿಲು ಮುಚ್ಚಿದಾಗ ಇನ್ನೆರಡು ತೆರೆದಿರುತ್ತವೆ.

ನೀರಿನಲ್ಲಿ ಉಸಿರು

ನೀರಿನಲ್ಲಿ ಗಾಬರಿಯಾಗಲು ಮುಖ್ಯ ಕಾರಣ ಉಸಿರು ಹಿಡಿದಿಟ್ಟುಕೊಳ್ಳುವುದು. ಹೊರಗೆ ಹೋಗಬೇಕಾದ ಗಾಳಿ ಒಳಗೇ ಉಳಿದಾಗ ಎದೆ ಬಿಗಿದಂತಾಗುತ್ತದೆ, ಮುಖ ಎತ್ತಿದ ಆ ಅರೆ ಕ್ಷಣದಲ್ಲಿ ಬಿಡುವುದೂ ಎಳೆಯುವುದೂ ಎರಡೂ ಆಗದು. ಆದ್ದರಿಂದ ಮುಖ ನೀರಿನಲ್ಲಿರುವಾಗಲೇ ಮೂಗು ಬಾಯಿಯಿಂದ ಗುಳ್ಳೆ ಬಿಡುತ್ತಲೇ ಇರಿ. ಮುಖ ಹೊರಳಿಸಿದಾಗ ಒಳಗೆಳೆಯುವುದಷ್ಟೇ ಕೆಲಸ.

ಮೊದಲ ಮೂರು ವಾರ 25 ಮೀಟರಿನ 12 ಸುತ್ತು, ಪ್ರತಿ ಸುತ್ತಿನ ನಡುವೆ 20 ಸೆಕೆಂಡ್ ಬಿಡುವು. ನಾಲ್ಕರಿಂದ ಏಳನೆಯ ವಾರದವರೆಗೆ 50 ಮೀಟರಿನ ಹತ್ತು ಸುತ್ತು. ಆಮೇಲೆ 250 ಮೀಟರಿನ ಮೂರು, ನಡುವೆ ಒಂದು ನಿಮಿಷ ಬಿಡುವು. ಹನ್ನೊಂದನೆಯ ವಾರ ಒಮ್ಮೆ 750 ಮೀಟರ್ ನಿಲ್ಲದೆ. ಕಾಲು ಹೆಚ್ಚು ಬಡಿಯಬೇಡಿ, ಮುಂದೆ ಸೈಕಲ್ಲಿಗೆ ಅದು ಬೇಕು.

ಸ್ಪರ್ಧೆ ಕೆರೆಯಲ್ಲೋ ಕಡಲಿನಲ್ಲೋ ಇದ್ದರೆ ಈಜುಕೊಳದಲ್ಲಿರುವಂತೆ ತಳದಲ್ಲಿ ಗೆರೆಯಿರುವುದಿಲ್ಲ. ಆರೆಂಟು ಬೀಸಿಗೊಮ್ಮೆ ಮೊಸಳೆಯಂತೆ ಕಣ್ಣಷ್ಟೇ ಮೇಲೆತ್ತಿ ಗುರಿ ನೋಡಿ, ತಕ್ಷಣ ಮುಖ ಹೊರಳಿಸಿ ಉಸಿರೆಳೆದುಕೊಳ್ಳಿ. ಪೂರ್ತಿ ತಲೆ ಎತ್ತಿದರೆ ಸೊಂಟ ಮುಳುಗುತ್ತದೆ. ಈಜುಕೊಳದಲ್ಲಿ ಮೂವರು ಒಂದೇ ಸಾಲಿನಲ್ಲಿ ಅಕ್ಕಪಕ್ಕ ಈಜಿ ಕೈ ತಾಗುವುದಕ್ಕೆ ಒಗ್ಗಿಕೊಳ್ಳಿ. ತೆರೆದ ನೀರಿಗೆ ಒಬ್ಬರೇ ಇಳಿಯುವುದು ಬೇಡವೇ ಬೇಡ. ಒಬ್ಬರು ದಡದಲ್ಲಿ ಕಾವಲಿರಲಿ, ಈಜುವವರ ಸೊಂಟಕ್ಕೆ ಎದ್ದು ಕಾಣುವ ಬಣ್ಣದ ತೇಲುಬುರುಡೆ ಇರಲಿ.

ಸೀಟಿನ ಎತ್ತರ

ದುಬಾರಿ ಸೈಕಲ್ ಬೇಕಿಲ್ಲ, ಅಳತೆಗೆ ಹೊಂದಿದ ಸೈಕಲ್ ಬೇಕು. ಗೋಡೆಗೆ ಒರಗಿಸಿ ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಪೆಡಲ್ ಮೇಲಿಡಿ. ಪೆಡಲ್ ತೀರಾ ಕೆಳಗಿರುವಾಗ ಕಾಲು ನೇರವಾಗಬೇಕು. ಪಾದದ ಮುಂಭಾಗ ಇಟ್ಟು ತುಳಿಯುವಾಗ ಮೊಣಕಾಲು ತುಸು ಬಾಗಿರುತ್ತದೆ, ಅದೇ ಸರಿ. ಮೊಣಕಾಲಿನ ಮುಂದೆ ನೋವು ಬಂದರೆ ಸಾಮಾನ್ಯವಾಗಿ ಸೀಟು ತಗ್ಗಾಗಿದೆ, ಹಿಂದೆ ಬಂದರೆ ಎತ್ತರವಾಗಿದೆ. ಒಮ್ಮೆಗೆ 3 ಮಿ.ಮೀ.ಗಿಂತ ಹೆಚ್ಚು ಬದಲಿಸಬೇಡಿ. ಸರಿಯಾದ ಎತ್ತರ ಸಿಕ್ಕಿದ ಮೇಲೆ ಸೀಟಿನ ಕಂಬಕ್ಕೆ ಟೇಪಿನ ಗುರುತು ಹಾಕಿ. ನಿಮಿಷಕ್ಕೆ 80ರಿಂದ 90 ಸುತ್ತು ತುಳಿಯುವಂಥ ಗೇರ್ ಆರಿಸಿ, ಭಾರವಾದ ಗೇರಿನಲ್ಲಿ ಒತ್ತಿ ತುಳಿದರೆ ಓಟಕ್ಕೆ ತೊಡೆ ಉಳಿಯುವುದಿಲ್ಲ.

ಸೈಕಲ್ಲಿನ ಆರೈಕೆ

ಹೊರಡುವ ಮೊದಲು ಎರಡು ನಿಮಿಷದ ತಪಾಸಣೆ, ವಾರಕ್ಕೊಮ್ಮೆ ಅರ್ಧ ಗಂಟೆಯ ಆರೈಕೆ. ಎರಡನೆಯದನ್ನು ಎಲ್ಲರೂ ಒಂದೇ ಕಡೆ ಸೇರಿ ಮಾಡಿದರೆ ಒಂದೇ ಪಂಪು, ಒಂದೇ ಜೊತೆ ಅಲೆನ್ ಕೀ (ಬೋಲ್ಟು ತಿರುಗಿಸುವ ಆರುಮೂಲೆಯ ಕೀಲಿ) ಎಲ್ಲರಿಗೂ ಆಗುತ್ತದೆ. ಬಲ್ಲವರು ಮಾಡಿಕೊಡಬಾರದು, ಪಕ್ಕದಲ್ಲಿ ನಿಂತು ಹೇಳಿಕೊಡಬೇಕು. ದಾರಿಯಲ್ಲಿ ಕೆಟ್ಟು ನಿಂತಾಗ ಕೆಲಸಕ್ಕೆ ಬರುವುದು ಸ್ವಂತ ಕೈಗೆ ಬಂದ ಅಭ್ಯಾಸ.

ಗಾಳಿಯಿಂದ ಶುರುಮಾಡಿ. ಟ್ಯೂಬಿನ ರಬ್ಬರಿನಿಂದ ದಿನವೂ ಸ್ವಲ್ಪ ಗಾಳಿ ಸೋರುತ್ತಲೇ ಇರುತ್ತದೆ, ಹಾಗಾಗಿ ಪ್ರತಿ ಸಲ ಪಂಪಿನ ಮಾಪಕ ನೋಡಿ. ಸುಮಾರು 70 ಕೆ.ಜಿ. ತೂಕದವರಿಗೆ 25 ಮಿ.ಮೀ. ಟೈರಿನಲ್ಲಿ 80ರಿಂದ 90 ಪಿಎಸ್‌ಐ (ಗಾಳಿಯೊತ್ತಡದ ಅಳತೆ), 28 ಮಿ.ಮೀ.ನಲ್ಲಿ 65ರಿಂದ 80, 35 ಮಿ.ಮೀ.ನಲ್ಲಿ 50ರಿಂದ 60 ಆರಂಭಕ್ಕೆ ಸರಿಯಾದ ಅಳತೆ. ಮುಂದಿನ ಚಕ್ರಕ್ಕೆ ಐದು ಕಡಿಮೆ. ಟೈರಿನ ಪಕ್ಕೆಯಲ್ಲಿ ಅಚ್ಚಾಗಿರುವ ಗರಿಷ್ಠ ಅಂಕಿಯನ್ನು ಮೀರಬೇಡಿ. ಗಟ್ಟಿಯಾದಷ್ಟೂ ವೇಗ ಜಾಸ್ತಿ ಎಂಬ ನಂಬಿಕೆ ತಪ್ಪು. ಒರಟು ರಸ್ತೆಯಲ್ಲಿ ಕಲ್ಲಿನಂಥ ಟೈರು ಕುಣಿಯುತ್ತದೆ, ಹಿಡಿತ ಕಳೆದುಕೊಳ್ಳುತ್ತದೆ.

ಚೈನಿನ ವಿಷಯದಲ್ಲಿ ಎಣ್ಣೆ ಸುರಿಯುವುದನ್ನೇ ಆರೈಕೆ ಎಂದುಕೊಂಡವರು ಬಹಳ. ಕೊಳೆಯ ಮೇಲೆ ಎಣ್ಣೆ ಬಿದ್ದರೆ ದೂಳು ಸೇರಿ ಉಜ್ಜುವ ಪುಡಿಯಂತಾಗಿ ಚೈನನ್ನೂ ಹಲ್ಲುಚಕ್ರವನ್ನೂ ತಿನ್ನುತ್ತದೆ. ಮೊದಲು ಜಿಡ್ಡು ತೆಗೆಯುವ ಡಿಗ್ರೀಸರ್ ಹಚ್ಚಿದ ಬಟ್ಟೆಯಲ್ಲಿ ಚೈನನ್ನು ಹಿಡಿದು ಪೆಡಲನ್ನು ಹಿಂದಕ್ಕೆ ತಿರುಗಿಸಿ, ಬಟ್ಟೆಗೆ ಕಪ್ಪು ಹತ್ತದವರೆಗೂ ಒರೆಸಿ. ನೀರು ಹಾಕಿ ತೊಳೆದಿದ್ದರೆ ಪೂರ್ತಿ ಒಣಗಲಿ. ಆಮೇಲೆ ಸೈಕಲ್ ಚೈನಿಗೆಂದೇ ಮಾಡಿದ ಎಣ್ಣೆಯನ್ನು ಒಳಬದಿಯಿಂದ ಪ್ರತಿ ಉರುಳೆಗೆ ಒಂದೊಂದೇ ಹನಿ ಬಿಡಿ. ಹತ್ತು ನಿಮಿಷ ಕಾಯಿರಿ, ಪೆಡಲ್ ತಿರುಗಿಸಿ, ಹೊರಗಿನ ಎಣ್ಣೆಯನ್ನು ಪೂರ್ತಿ ಒರೆಸಿ. ಎಣ್ಣೆ ಬೇಕಿರುವುದು ಉರುಳೆಯ ಒಳಗೆ, ಮೇಲ್ಮೈಯಲ್ಲಿ ಉಳಿದದ್ದು ದೂಳನ್ನು ಕರೆಯುತ್ತದೆ, ಅಷ್ಟೇ.

ಚೈನು ಸವೆದಿದೆಯೇ ತಿಳಿಯಲು ಉಕ್ಕಿನ ಅಡಿಪಟ್ಟಿ ಸಾಕು. ಸೊನ್ನೆಯನ್ನು ಒಂದು ಪಿನ್ನಿನ ನಡುವಿಗೆ ಇಟ್ಟರೆ ಹೊಸ ಚೈನಿನಲ್ಲಿ ಅಲ್ಲಿಂದ 24ನೆಯ ಪಿನ್ನಿನ ನಡು ಸರಿಯಾಗಿ 12 ಇಂಚಿಗೆ, ಅಂದರೆ 304.8 ಮಿ.ಮೀ.ಗೆ ಬೀಳುತ್ತದೆ. ಅದು ಒಂದೂವರೆ ಮಿ.ಮೀ. ಮುಂದಿದ್ದರೆ ಚೈನು ಬದಲಿಸಿ. 3 ಮಿ.ಮೀ. ಮುಂದಿದ್ದರೆ ಹಿಂದಿನ ಹಲ್ಲುಚಕ್ರಗಳೂ ಸವೆದಿರುವ ಸಂಭವ ಹೆಚ್ಚು, ಅವುಗಳ ಮೇಲೆ ಹೊಸ ಚೈನು ಜಾರುತ್ತದೆ.

ರಿಮ್ ಹಿಡಿಯುವ ಬ್ರೇಕಿನಲ್ಲಿ ರಬ್ಬರಿನ ಗೀರುಗಳು ಅಳಿಸಿಹೋಗಿದ್ದರೆ ರಬ್ಬರ್ ಬದಲಿಸಿ. ರಬ್ಬರಿನಲ್ಲಿ ಸಿಕ್ಕಿದ ಲೋಹದ ಚೂರನ್ನು ಸೂಜಿಯಿಂದ ಕೀಳಿ, ಇಲ್ಲದಿದ್ದರೆ ಅದು ರಿಮ್ಮನ್ನು ಕೊರೆಯುತ್ತದೆ. ರಬ್ಬರ್ ರಿಮ್ಮಿಗೇ ಕೂರಬೇಕು, ಟೈರಿಗೆ ತಾಗಿದರೆ ಅದನ್ನು ಹರಿಯುತ್ತದೆ. ಡಿಸ್ಕ್ ಬ್ರೇಕಾದರೆ ಡಿಸ್ಕಿಗೆ ಎಣ್ಣೆಯ ಕೈ ತಾಗಿಸಬೇಡಿ. ಚಕ್ರ ಹೊರಗಿರುವಾಗ ಬ್ರೇಕ್ ಒತ್ತಲೂಬೇಡಿ, ಪ್ಯಾಡುಗಳು ಒಂದಕ್ಕೊಂದು ಅಂಟಿ ಡಿಸ್ಕ್ ಮತ್ತೆ ಒಳಗೆ ಹೋಗುವುದಿಲ್ಲ.

ಗೇರಿನಲ್ಲಿ ಚೈನು ದೊಡ್ಡ ಹಲ್ಲುಚಕ್ರಕ್ಕೆ ಹತ್ತಲು ತಡೆದರೆ, ಹಿಂದಿನ ಡಿರೈಲರ್‌ಗೆ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಕೇಬಲ್ ಸೇರುವ ಜಾಗದ ತಿರುಪನ್ನು ಅಪ್ರದಕ್ಷಿಣವಾಗಿ ಕಾಲು ಸುತ್ತು ತಿರುಗಿಸಿ ನೋಡಿ. ಚಿಕ್ಕದಕ್ಕೆ ಇಳಿಯಲು ತಡೆದರೆ ಪ್ರದಕ್ಷಿಣವಾಗಿ. ಪಕ್ಕದ ಎರಡು ಮಿತಿ ಸ್ಕ್ರೂಗಳನ್ನು ಮುಟ್ಟಬೇಡಿ, ಅವು ತಾವಾಗಿ ಕೆಡುವುದು ಅಪರೂಪ. ಸೈಕಲ್ ಬಲಕ್ಕೆ ಬಿದ್ದ ಮೇಲೆ ಗೇರ್ ಕೆಟ್ಟಿದ್ದರೆ ಡಿರೈಲರ್ ತೂಗುವ ತುಂಡು ಬಾಗಿರಬಹುದು. ಹಾಗೇ ದೊಡ್ಡ ಹಲ್ಲುಚಕ್ರಕ್ಕೆ ಹಾಕಿದರೆ ಡಿರೈಲರ್ ಚಕ್ರದ ಕಡ್ಡಿಗಳೊಳಗೆ ನುಗ್ಗಿ ಚಕ್ರವನ್ನೇ ಮುರಿದೀತು. ಆ ಕೆಲಸ ಮೆಕ್ಯಾನಿಕ್‌ಗೆ ಬಿಡಿ.

ಪೆಡಲ್ ಬಿಚ್ಚುವಾಗ ನೆನಪಿರಲಿ: ಎಡ ಪೆಡಲಿನ ತಿರುಪು ತಿರುವುಮುರುವು, ಪ್ರದಕ್ಷಿಣವಾಗಿ ತಿರುಗಿಸಿದರೆ ಬಿಚ್ಚುತ್ತದೆ.

ಪಂಕ್ಚರ್

ಸೀಟಿನ ಕೆಳಗಿನ ಚೀಲದಲ್ಲಿ ಒಂದು ಟ್ಯೂಬು, ಎರಡು ಟೈರ್ ಲಿವರ್, ಅಲೆನ್ ಕೀ ಇರಲಿ. ಚಿಕ್ಕ ಪಂಪು ಸೈಕಲ್ಲಿಗೇ ಸಿಕ್ಕಿಸಿರಲಿ. ಹಿಂದಿನ ಚಕ್ರವಾದರೆ ಬಿಚ್ಚುವ ಮೊದಲು ಚೈನನ್ನು ಎಲ್ಲಕ್ಕಿಂತ ಚಿಕ್ಕ ಹಲ್ಲುಚಕ್ರಕ್ಕೆ ಇಳಿಸಿ. ಉಳಿದ ಗಾಳಿ ಬಿಡಿ, ಟೈರಿನ ಅಂಚನ್ನು ಸುತ್ತಲೂ ರಿಮ್ಮಿನ ನಡುವಿನ ತಗ್ಗಿಗೆ ಒತ್ತಿ, ಲಿವರ್‌ನಿಂದ ಒಂದು ಬದಿ ಮಾತ್ರ ಎಬ್ಬಿಸಿ ಟ್ಯೂಬು ತೆಗೆಯಿರಿ.

ಇಲ್ಲಿ ಆತುರಪಟ್ಟವರು ಐದೇ ನಿಮಿಷದಲ್ಲಿ ಮತ್ತೆ ನಿಲ್ಲುತ್ತಾರೆ. ಟ್ಯೂಬಿಗೆ ಗಾಳಿ ಹೊಡೆದು ತೂತು ಎಲ್ಲಿದೆ ನೋಡಿ. ಅದೇ ಕಾರಣ ಹೇಳುತ್ತದೆ. ಅಕ್ಕಪಕ್ಕ ಎರಡು ಸೀಳಿದ್ದರೆ ಗಾಳಿ ಕಡಿಮೆಯಿದ್ದು ರಿಮ್ ಕಚ್ಚಿದೆ. ಹೊರಮೈಯಲ್ಲಿ ಒಂದೇ ಸಣ್ಣ ತೂತಾದರೆ ಮುಳ್ಳೋ ಗಾಜೋ ಟೈರಿನಲ್ಲಿ ಇನ್ನೂ ಇರಬಹುದು, ಒಳಗೋಡೆಯನ್ನು ಬಟ್ಟೆಯಿಂದ ಮೆಲ್ಲಗೆ ಸವರಿ ಹುಡುಕಿ. ಒಳಮೈಯಲ್ಲಿದ್ದರೆ ರಿಮ್ಮಿನ ಒಳಗೆ ಸುತ್ತಿದ ಟೇಪು ಸರಿದು ಕಡ್ಡಿಯ ತೂತಿನ ಅಂಚು ಚುಚ್ಚಿದೆ.

ಹೊಸ ಟ್ಯೂಬಿಗೆ ಆಕಾರ ಬರುವಷ್ಟೇ ಗಾಳಿ ತುಂಬಿ, ವಾಲ್ವನ್ನು ತೂತಿಗಿಟ್ಟು, ಟ್ಯೂಬನ್ನು ಒಳಸೇರಿಸಿ. ಟೈರನ್ನು ವಾಲ್ವಿನ ಎದುರು ಬದಿಯಿಂದ ಹೆಬ್ಬೆರಳಲ್ಲಿ ಕೂರಿಸುತ್ತ ಬಂದು ವಾಲ್ವಿನ ಬಳಿ ಮುಗಿಸಿ. ಕೊನೆಯಲ್ಲಿ ವಾಲ್ವನ್ನು ಒಮ್ಮೆ ಒಳಕ್ಕೆ ದೂಡಿ, ಅಂಚಿನಡಿ ಟ್ಯೂಬು ಇಣುಕುತ್ತಿಲ್ಲವೆಂದು ಸುತ್ತಲೂ ನೋಡಿ ಗಾಳಿ ಹೊಡೆಯಿರಿ. ಗುಂಪಿನಲ್ಲಿ ಪ್ರತಿಯೊಬ್ಬರೂ ಸ್ಪರ್ಧೆಗೆ ಮುನ್ನ ಮೂರು ಸಲವಾದರೂ ಇದನ್ನು ಮಾಡಿರಬೇಕು.

ಸೈಕಲ್ಲಿನಿಂದ ಓಟಕ್ಕೆ

ಆರನೆಯ ವಾರದಿಂದ ವಾರಕ್ಕೊಮ್ಮೆ ಸೈಕಲ್ ಇಳಿದ ಕೂಡಲೇ ಓಡಿ. ಇದಕ್ಕೆ ಬ್ರಿಕ್ ಎನ್ನುತ್ತಾರೆ. 40 ನಿಮಿಷ ಸೈಕಲ್, ಆಮೇಲೆ 10 ನಿಮಿಷ ಓಟದಿಂದ ಆರಂಭಿಸಿ 60 ಮತ್ತು 20ಕ್ಕೆ ಏರಿಸಿ. ಮೊದಲ ಕೆಲವು ನಿಮಿಷ ಕಾಲು ತನ್ನದಲ್ಲ ಎನಿಸುವುದು ಸಹಜ. ಸಣ್ಣ ಹೆಜ್ಜೆ ಇಡಿ, ಬಿಗಿತ ಸಡಿಲುತ್ತದೆ.

ಈಜಿನಿಂದ ಸೈಕಲ್ಲಿಗೆ, ಸೈಕಲ್ಲಿನಿಂದ ಓಟಕ್ಕೆ ಸಜ್ಜಾಗುವ ಬದಲಾವಣೆ ಜಾಗದ ಅಭ್ಯಾಸವನ್ನು ಬಯಲಿನಲ್ಲಿ ಒಂದು ಟವೆಲ್ ಹಾಸಿ ಮಾಡಿ. ಹೆಲ್ಮೆಟ್ಟನ್ನು ಪಟ್ಟಿ ಬಿಚ್ಚಿ ಹ್ಯಾಂಡಲಿನ ಮೇಲೆ ತಲೆಕೆಳಗಾಗಿಡಿ. ಪಟ್ಟಿ ಬಿಗಿದ ಮೇಲೆಯೇ ಸೈಕಲ್ ಮುಟ್ಟಬೇಕು, ಮರಳಿ ಬಂದಾಗ ಸೈಕಲ್ ನಿಲ್ಲಿಸಿದ ಮೇಲೆಯೇ ಬಿಚ್ಚಬೇಕು. ತಪ್ಪಿದರೆ ದಂಡನೆಯಿದೆ. ಹೊಸಬರ ಬಹುತೇಕ ಸ್ಪರ್ಧೆಗಳಲ್ಲಿ ಮುಂದಿನವರ ಗಾಳಿಮರೆಯಲ್ಲಿ ಸಾಗುವಂತಿಲ್ಲ. ಸ್ಪ್ರಿಂಟ್‌ನಲ್ಲಿ ಸಾಮಾನ್ಯವಾಗಿ 10 ಮೀಟರ್ ಅಂತರ ಬೇಕು. ನಿಮ್ಮ ಸ್ಪರ್ಧೆಯ ನಿಯಮವನ್ನು ಮೊದಲೇ ಓದಿಕೊಳ್ಳಿ.

ಕೊನೆಯ ವಾರ

ಅಭ್ಯಾಸವನ್ನು ಅರ್ಧಕ್ಕೆ ಇಳಿಸಿ. ಹೊಸ ಶೂ, ಹೊಸ ಆಹಾರ, ಹೊಸ ಸೀಟಿನ ಎತ್ತರ ಯಾವುದೂ ಬೇಡ. ಸೈಕಲ್ಲಿಗೆ ಬೇಕಾದ ಚೈನು, ಕೇಬಲ್, ಬ್ರೇಕ್ ರಬ್ಬರನ್ನು ಹತ್ತು ದಿನ ಮೊದಲೇ ಬದಲಿಸಿ ಒಂದೆರಡು ಸಲ ಓಡಿಸಿ ನೋಡಿ, ಏಕೆಂದರೆ ಹೊಸ ಕೇಬಲ್ ಮೊದಲ ಸವಾರಿಗಳಲ್ಲಿ ತುಸು ಸಡಿಲವಾಗುತ್ತದೆ, ಗೇರನ್ನು ಮತ್ತೆ ಹೊಂದಿಸಬೇಕಾಗುತ್ತದೆ. ಹಿಂದಿನ ರಾತ್ರಿ ಇಬ್ಬಿಬ್ಬರು ಜೋಡಿಯಾಗಿ ಒಬ್ಬರು ಇನ್ನೊಬ್ಬರ ಸೈಕಲ್ ಪರೀಕ್ಷಿಸಿ: ಚಕ್ರವನ್ನು ಬಿಗಿಯುವ ಲಿವರ್, ಹ್ಯಾಂಡಲ್ ಬೋಲ್ಟು, ಸೀಟು, ಬ್ರೇಕು. ಬೆಳಿಗ್ಗೆ ಗಾಳಿ ನೋಡಿ, ನಿಲ್ಲಿಸುವ ಮೊದಲು ಸೈಕಲ್ಲನ್ನು ಹಗುರ ಗೇರಿಗೆ ಹಾಕಿಡಿ.

ಸ್ಪರ್ಧೆ ಮುಗಿದ ಸಂಜೆ ದಣಿವಿದ್ದರೂ ಸೈಕಲ್ಲನ್ನು ಒದ್ದೆ ಬಟ್ಟೆಯಿಂದ ಒರೆಸಿ. ಹ್ಯಾಂಡಲಿನ ಬೋಲ್ಟುಗಳ ಮೇಲೆ ಬಿದ್ದ ಬೆವರಿನ ಉಪ್ಪು, ಬಾಟಲಿಯಿಂದ ಚೆಲ್ಲಿದ ಸಕ್ಕರೆ ಪಾನೀಯ ಹಾಗೇ ಉಳಿದರೆ ತುಕ್ಕು ಹಿಡಿದು ಬೋಲ್ಟಿನ ತಲೆ ಅಲೆನ್ ಕೀಗೆ ಸಿಗದಂತಾಗುತ್ತದೆ. ಕಡಲ ಪಕ್ಕದ ಸ್ಪರ್ಧೆಯಾಗಿದ್ದರೆ ಸಿಹಿನೀರಿನಿಂದ ಮೆಲ್ಲಗೆ ತೊಳೆಯಿರಿ. ಚಕ್ರದ ನಡುವಿನ ಹಬ್ಬಿನ ಬೇರಿಂಗಿಗೆ ಜೋರಾಗಿ ನೀರು ಹೊಡೆಯಬೇಡಿ, ಒಳಗಿನ ಗ್ರೀಸು ತೊಳೆದುಹೋಗುತ್ತದೆ. ಒಣಗಿಸಿ, ಚೈನಿಗೆ ಎಣ್ಣೆ ಬಿಟ್ಟು ಒಳಗಿಡಿ.