ಕಾಡಿನ ಕೆಲಸಗಾರರಿಗೆ ಮಂಗನ ಕಾಯಿಲೆ, ಇಲಿಜ್ವರ ಎಷ್ಟು ತಗುಲಿದೆ? ಲೆಕ್ಕ ಹಾಕುವ ಕ್ರಮ

1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ, ಡಿಸೆಂಬರ್‌ನಿಂದ ಮೇ ತನಕ ಹೆಚ್ಚು. ಇಲಿಜ್ವರ ಬರುವುದು ಇಲಿ, ಹೆಗ್ಗಣಗಳ ಮೂತ್ರ ಬೆರೆತ ನೀರು ಕೆಸರಿನಿಂದ, ಮಳೆಗಾಲದಲ್ಲಿ ಜಾಸ್ತಿ. ಆದ್ದರಿಂದ ಒಂದೇ ಸಲ ರಕ್ತ ತೆಗೆದರೆ ಸಾಲದು. ನವೆಂಬರ್, ಜೂನ್ ಆರಂಭ, ಮತ್ತೆ ನವೆಂಬರ್, ಹೀಗೆ ಮೂರು ಸಲ ಅದೇ ಜನರಿಂದ ತೆಗೆಯಿರಿ. ಮೊದಲ ಅಂತರ ಉಣುಗಿನ ಲೆಕ್ಕ, ಎರಡನೆಯದು ಇಲಿಯದು.

ಹೆಚ್ಚಿನ ಸಮೀಕ್ಷೆಗಳು ದಾರಿ ತಪ್ಪುವುದು ಪಟ್ಟಿಯಲ್ಲೇ. ಇಲಾಖೆಯ ಹಾಜರಿ ಪುಸ್ತಕದಲ್ಲಿ ಕಾವಲುಗಾರರಿರುತ್ತಾರೆ, ಗುತ್ತಿಗೆದಾರನ ದಿನಗೂಲಿಯವರು ಇರುವುದಿಲ್ಲ. ನೆಡುತೋಪಿನ ಕಳೆ ಕೀಳುವವರು, ಬೆಂಕಿರೇಖೆ ಸವರುವವರು ಅವರೇ. ಊರೂರಿಗೆ ಹೋಗಿ ಪಟ್ಟಿ ಮಾಡಿ. ಜ್ವರದಿಂದ ಕೆಲಸ ಬಿಟ್ಟು ಮನೆಯಲ್ಲಿರುವವರನ್ನೂ ಸೇರಿಸಿ, ಇಲ್ಲದಿದ್ದರೆ ಗಟ್ಟಿಮುಟ್ಟಾದವರಷ್ಟೇ ಲೆಕ್ಕಕ್ಕೆ ಸಿಕ್ಕಿ ಅಂದಾಜು ಕಡಿಮೆಯಾಗುತ್ತದೆ. ಶೇ. 10 ಜನರಿಗೆ ಸೋಂಕು ತಗುಲಿರಬಹುದೆಂದು ಊಹಿಸಿ, ಶೇ. 3ರ ಆಚೀಚೆ ನಿಖರತೆ ಬೇಕೆಂದರೆ 384 ಜನ. ಊರುಗಳ ಗುಂಪಿನಲ್ಲಿ ಆರಿಸುವುದರಿಂದ 1.5ರಿಂದ ಗುಣಿಸಿ: 576.

ನೈತಿಕ ಸಮಿತಿಯ ಅನುಮತಿ, ಕನ್ನಡದಲ್ಲಿ ಒಪ್ಪಿಗೆ ಪತ್ರ ಮೊದಲು. ಪ್ರಶ್ನೆ ಕೇಳುವಾಗ ‘ಕಳೆದ ವರ್ಷ’ ಎನ್ನಬೇಡಿ, ‘ಕಳೆದ 14 ದಿನ’ ಎನ್ನಿ. ಯಾವ ಕೆಲಸ, ಎಷ್ಟು ದಿನ, ಬರಿಗಾಲೋ ಬೂಟೋ, ಉಣುಗು ಹತ್ತದಂತೆ ಡಿಎಂಪಿಯಂಥ ಎಣ್ಣೆ ಹಚ್ಚಿದ್ದರೋ, ಗಾಯವಿತ್ತೋ. ‘ಉಣುಗು ಕಚ್ಚಿತ್ತಾ?’ ಎಂಬುದೊಂದನ್ನೇ ನಂಬಬೇಡಿ. ಎಳ್ಳಿಗಿಂತ ಚಿಕ್ಕ ಮರಿ ಉಣುಗು ಕಚ್ಚಿದ್ದು ಎಷ್ಟೋ ಜನರಿಗೆ ತಿಳಿಯುವುದೇ ಇಲ್ಲ. ಹೋಲಿಕೆಗೆ ಕಾಡಿನ ಕೆಲಸವಿಲ್ಲದವರನ್ನು ಆರಿಸಿದರೂ ಸೊಪ್ಪು, ತರಗೆಲೆ, ಸೌದೆಗೆ ಹೋಗುತ್ತಾರೆಯೇ ಎಂದು ಕೇಳಲೇಬೇಕು. ಮಲೆನಾಡಿನಲ್ಲಿ ಹೋಗದವರೇ ವಿರಳ.

5 ಮಿ.ಲೀ. ರಕ್ತ ತೆಗೆದು 30 ನಿಮಿಷ ಹೆಪ್ಪುಗಟ್ಟಲು ಬಿಡಿ, ಸೀರಮ್ ಬೇರ್ಪಡಿಸಿ ಎರಡು ಸೀಸೆಗಳಲ್ಲಿ ಮೈನಸ್ 20 ಡಿಗ್ರಿಯಲ್ಲಿಡಿ. ಮಂಗನ ಕಾಯಿಲೆಗೆ ಐಜಿಜಿ ಎಲೈಸಾ (ಹಿಂದಿನ ಸೋಂಕಿನ ಪ್ರತಿಕಾಯ ಹುಡುಕುವ ರಕ್ತ ಪರೀಕ್ಷೆ) ಮಾಡುವಾಗ ಎರಡು ಮೋಸಗಳಿವೆ: ಹಿಂದೆ ಡೆಂಗಿ ಬಂದಿದ್ದರೆ ಅಡ್ಡ ಪ್ರತಿಕ್ರಿಯೆ ಕಾಣಿಸಬಹುದು, ಹಳೆಯ ಲಸಿಕೆಯೂ ಪಾಸಿಟಿವ್ ತೋರಿಸಬಹುದು. ಲಸಿಕೆಯ ವಿವರ ಬರೆದುಕೊಳ್ಳಿ, ಪಾಸಿಟಿವ್ ಬಂದವನ್ನು ನ್ಯೂಟ್ರಲೈಸೇಷನ್ ಪರೀಕ್ಷೆಯಿಂದ (ಸೀರಮ್ ವೈರಸ್ಸನ್ನು ತಡೆಯುತ್ತದೆಯೇ ಎಂದು ನೋಡುವುದು) ಖಚಿತಪಡಿಸಿಕೊಳ್ಳಿ. ಇಲಿಜ್ವರಕ್ಕೆ ಮ್ಯಾಟ್ ಪರೀಕ್ಷೆ, ಅಂದರೆ ಸೀರಮ್ಮಿಗೆ ಜೀವಂತ ರೋಗಾಣು ತಳಿಗಳನ್ನು ಬೆರೆಸಿ ಅವು ಗುಂಪುಗಟ್ಟುತ್ತವೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುವುದು; ಸಮೀಕ್ಷೆಗಳಲ್ಲಿ ಪಾಸಿಟಿವ್ ಎನ್ನಲು ಸಾಮಾನ್ಯ ಮಿತಿ 1:100 (ಸೀರಮ್ಮನ್ನು ನೂರು ಪಟ್ಟು ತೆಳುಮಾಡಿದಾಗಲೂ ಗುಂಪುಗಟ್ಟುವುದು). ಸ್ಥಳೀಯ ತಳಿಗಳಿಲ್ಲದ ಪ್ಯಾನೆಲ್ (ತಳಿಗಳ ಗುಂಪು) ಬಳಸಿದರೆ ನಿಜವಾದ ಸೋಂಕೂ ತಪ್ಪಿಹೋಗುತ್ತದೆ.

ಕೆಲಸದ ಜಾಗದಲ್ಲಿ 1 ಚದರ ಮೀಟರ್ ಬಿಳಿ ಫ್ಲಾನೆಲ್ ಬಟ್ಟೆಯನ್ನು ನೆಲದ ಮೇಲೆ 100 ಮೀಟರ್ ಎಳೆಯಿರಿ, ಪ್ರತಿ 10 ಮೀಟರ್‌ಗೆ ನಿಂತು ಉಣುಗು ಎಣಿಸಿ. ಇಬ್ಬನಿ ಆರಿದ ಮೇಲಷ್ಟೇ. ಒದ್ದೆ ಬಟ್ಟೆಗೆ ಉಣುಗು ಸರಿಯಾಗಿ ಹತ್ತದು. ಬೆರಳಲ್ಲಿ ಹಿಸುಕಬೇಡಿ, ಚಿಮುಟದಿಂದ ತೆಗೆಯಿರಿ.

ಲೆಕ್ಕವನ್ನು ತಲೆಗಲ್ಲ, ಕಾಡಿನಲ್ಲಿ ಕಳೆದ ದಿನಗಳಿಗೆ ಹಾಕಿ. ಉದಾಹರಣೆಗೆ, ನವೆಂಬರ್‌ನಲ್ಲಿ ನೆಗೆಟಿವ್ ಇದ್ದ 200 ಜನ ತಲಾ 120 ದಿನ ದುಡಿದು, ಜೂನ್‌ನಲ್ಲಿ 6 ಜನ ಪಾಸಿಟಿವ್ ಆದರೆ, 10,000 ಕೆಲಸದ ದಿನಗಳಿಗೆ 2.5. ಇದನ್ನು ಕೆಲಸವಾರು ಬಿಡಿಸಿ ಬರೆಯಿರಿ.

ರಕ್ತ ತೆಗೆಯುವ ದಿನ ಯಾರಿಗಾದರೂ ಜ್ವರವಿದ್ದರೆ ಸಮೀಕ್ಷೆಯ ಫಲಿತಾಂಶಕ್ಕೆ ಕಾಯಿಸಬೇಡಿ, ಅಂದೇ ಆಸ್ಪತ್ರೆಗೆ ಕಳಿಸಿ ಪಿಸಿಆರ್ (ರೋಗಾಣುವನ್ನೇ ಪತ್ತೆಹಚ್ಚುವ ಪರೀಕ್ಷೆ) ಮಾಡಿಸಿ.